ಪೈಪಿನ ಮೊದಲ ನೀರು

"ಹಿಂಗ ಬಗ್ಗಿದ್ದ ನಮ್ಮಪ್ಪ," ಎಂದು ಸಾವಿತ್ರವ್ವ ಕುರಿಗಳು ನೀರು ಕುಡಿಯುವ ಕಲ್ಲಿನ ದೋಣಿಯ ಮೇಲೆ ಬಾಗಿ, ಪೈಪಿನ ಬಾಯಿಗೆ ಬೊಗಸೆ ಒಡ್ಡಿ ತೋರಿಸಿದಳು.

"ಬೊಗಸಿ ಪೈಪಿಗೆ ಹಿಡಿದಿದ್ದನೋ, ದೋಣ್ಯಾಗಿನ ನೀರು ಗೋರಿಕೊಂಡನೋ? ನೆನಪು ಮಾಡಿ ಹೇಳ, ತಂಗಿ. ಅವಸರಿಲ್ಲ."

"ಪೈಪಿಗೇ ಹಿಡಿದಿದ್ದ, ಅಣ್ಣಾರ. ಕುರಿ ಬಾಯಿ ಹಚ್ಚೂದರಾಗ ತಾ ಕುಡಿಬೇಕು ಅಂತಿದ್ದ. ಕುರಿ ಎಂಜಲಾ ಕುಡಿಯೂ ಮನಶಾ ಅಲ್ಲ ಅಂವ."

ಪೊಲೀಸ್ ಜಮಾದಾರ ಲಗಮಣ್ಣ ದೋಣಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಪೈಪಿನ ಬಾಯಿಯನ್ನೇ ನೋಡಿದ.

ಮುಚ್ಚಂಡಿಯ ಆಚೆ, ಬಿಳಿಗುಡ್ಡ ವಸ್ತಿಯ ಈ ಬಾವಿಯ ನೀರು ಕುಡಿದು ಸಾವಿತ್ರವ್ವನ ಅಪ್ಪ, ಕುರಿಗಾರ ವಿಠೋಬ, ಮೊನ್ನೆ ಕೈಕಾಲು ಸೆಟೆದು ಸತ್ತಿದ್ದ. ಬಾವಿಗೆ ಎಂಡ್ರಿನ್ ಎಂಬ ಬೆಳೆ ಔಷಧ ಸುರಿದನೆಂದು ಕೂಲಿಯಾಳು ಕೃಷ್ಣಾನನ್ನು ಜನ ಹಿಡಿದುಕೊಟ್ಟಿದ್ದರು. ಅವನೀಗ ಜತ್ತ ಠಾಣೆಯ ಕೋಣೆಯಲ್ಲಿದ್ದ. ನಾಳೆ ಕೋರ್ಟಿನ ಮುಂದೆ ನಿಂತನೆಂದರೆ ಕೊಲೆ ಎಂಬ ಮಾತು ಅವನ ಹೆಸರಿಗೆ ಅಂಟಿಬಿಡುತ್ತಿತ್ತು. ಅಂಟಿದ್ದನ್ನು ಬಿಡಿಸಲು ಬಡವನ ಕೈಯಲ್ಲಿ ಏನಿರುತ್ತದೆ?

"ನಿನ್ನ ಅನುಮಾನ ನನಗ ಬ್ಯಾಡ, ಜಮಾದಾರ," ಎಂದಿದ್ದರು ಠಾಣೆಯ ಫೌಜದಾರರು. "ಕೋರ್ಟಿನ್ಯಾಗ ಎತ್ತಿ ತೋರಸೂ ಅಂಥಾದ್ದು ಏನರ ಇದ್ರ ತಾ."

ಲಗಮಣ್ಣ ಒಪ್ಪಿಕೊಂಡು ಬಂದಿದ್ದ. ಅವನದೂ ಶೇಗಾಂವದ ಕುರಿ ಸಾಕುವ ಮನೆತನ. ತಪ್ಪಿದ ಕುರಿಯನ್ನು ಹುಡುಕುವವನು ಓಡುವುದಿಲ್ಲ. ಹೆಜ್ಜೆ ನೋಡುತ್ತ ನಡೆಯುತ್ತಾನೆ.

"ಸತ್ತ ಕುರಿ ಯಾವು? ಮುಂದಿನವೋ, ಹಿಂದಿನವೋ?"

"ಮುಂದಿನವು. ದೋಣಿಗೆ ಮೊದಲ ಬಾಯಿ ಹಚ್ಚಿದವು. ನಾ ಮರಿ ಹಿಡಕೊಂಡು ಆ ಬದುವಿನ ಮ್ಯಾಲ ಇದ್ದೆ. ಹಿಂದ ಬಂದವು ಇನ್ನೂ ಮೇಯಾಕತ್ತಾವ ನೋಡ್ರಿ."

ಲಗಮಣ್ಣ ತಲೆಯಾಡಿಸಿದ. ವಸ್ತಿಯ ಹೆಂಗಸರೂ ಆ ದಿನ ಇದೇ ಬಾವಿಯಿಂದ ಹಗ್ಗ ಇಳಿಬಿಟ್ಟು ನೀರು ಸೇದಿದ್ದರು. ಅವರಿಗೆ ತಲೆ ತಿರುಗಿತ್ತು, ವಾಂತಿಯಾಗಿತ್ತು. ಮಜ್ಜಿಗೆ ಕುಡಿದು ಮಲಗಿ ಎದ್ದಿದ್ದರು. ಸತ್ತವನು ಪೈಪಿನ ಬಾಯಿಗೆ ಬೊಗಸೆ ಹಿಡಿದವನೊಬ್ಬನೇ.

"ಬಾವಿಗೆ ಮ್ಯಾಲಿಂದ ಸುರಿದಿದ್ರ ಕೊಡದ ನೀರು, ಪೈಪಿನ ನೀರು ಎರಡೂ ಒಂದ ಇರಬೇಕಿತ್ತು," ಎಂದ ಅವನು, ಅರ್ಧ ತನಗೆ, ಅರ್ಧ ಅವಳಿಗೆ. "ಪೈಪಿನ ಮೊದಲ ನೀರಿನ್ಯಾಗ ವಿಷ ಗಟ್ಟಿ ಇತ್ತು. ಅಂದ್ರ ಅದು ಬಾವ್ಯಾಗಿಂದ ಪೈಪಿಗೆ ಬಂದದ್ದಲ್ಲ. ಪೈಪಿನಿಂದ ಬಾವಿಗೆ ಹೋದದ್ದು."

ಸಾವಿತ್ರವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನನಗ ಅದೆಲ್ಲಾ ತಿಳಿಯೂದಿಲ್ರಿ. ನಮ್ಮಪ್ಪನ್ನ ಕೊಂದದ್ದು ಏನು ಅಂತ ಕಣ್ಣಿಲೆ ನೋಡಬೇಕು ನಾ. ನೋಡೂತನಾ ಹಿಂಡು ಇಲ್ಲಿಂದ ಏಳೂದಿಲ್ಲ."

ಅವಳ ಹಿಂಡು ಆ ವಾರವೆಲ್ಲ ಬಾವಿಯ ಒಡೆಯ ಬಾಳಾಸಾಹೇಬರ ಹೊಲದಲ್ಲಿ ಗೊಬ್ಬರಕ್ಕೆಂದು ತಂಗಿತ್ತು. ಮುಂದೆ ಡಫಳಾಪುರದ ದಾರಿ ಹಿಡಿಯಬೇಕಾದದ್ದು ಹಾಗೇ ನಿಂತಿತ್ತು. ೧೯೭೦ರ ಶ್ರಾವಣ, ಮೋಡಗಳು ಬರುತ್ತಿದ್ದವು, ಹೋಗುತ್ತಿದ್ದವು.

"ಜಮಾದಾರ್ರ, ಒಂದು ಮಾತು."

ಕೂಗಿದವಳು ಬೇವಿನ ಗಿಡದ ಆಚೆ ನಿಂತಿದ್ದಳು. ಕೃಷ್ಣಾನ ಹೆಂಡತಿ ಅಕ್ಕಾತಾಯಿ. ಊರ ಹೊರಗಿನ ಅವಳ ಕೇರಿಯವರು ದೀಕ್ಷೆ ತೆಗೆದುಕೊಂಡು ಬೌದ್ಧರಾಗಿ ವರ್ಷಗಳೇ ಕಳೆದಿದ್ದರೂ ಅವರ ಕೊಡಗಳು ಆ ಗಿಡದ ಗೆರೆ ದಾಟಿರಲಿಲ್ಲ. ಯಾರಾದರೂ ಸೇದಿ, ಎತ್ತರದಿಂದ ಹೊಯ್ಯಬೇಕು. ಹೊಯ್ಯುವವರು ಸಿಗದ ದಿನ ಹಳ್ಳದ ಉಸುಕಿನಲ್ಲಿ ವರತೆ ತೋಡಿ ತುಂಬಿಕೊಳ್ಳಬೇಕು. "ನಮ್ಮ ಕೊಡ ನಾವ ಸೇದತೀವಿ, ಕಾಯ್ದೆ ಅದ" ಎಂದು ಕೃಷ್ಣಾ ಜಗಳ ತೆಗೆದದ್ದು ವಿಠೋಬ ಸಾಯುವ ಹಿಂದಿನ ವಾರ. ಅದನ್ನೇ ಜನ ಕೊಲೆಗೆ ಕಾರಣವೆಂದು ಹಿಡಿದಿದ್ದರು.

"ನಮ್ಮ ಮನ್ಯಾಗ ನಿಮ್ಮವರಿಗೆ ಸಿಕ್ಕ ಔಷಧದ ಡಬ್ಬಿ ನೋಡೀರೇನ್ರಿ?" ಎಂದಳು ಅಕ್ಕಾತಾಯಿ.

"ನೋಡೀನಿ."

"ಒಳಗ ಏನಿತ್ತು?"

"ಉಪ್ಪು."

"ನಿನ್ನಿ ಮೊನ್ನಿ ಹಾಕಿದ ಉಪ್ಪಲ್ರಿ ಅದು. ಒಳಗಿನ ತಗಡು ತುಕ್ಕು ಹಿಡದು ಕೆಂಪಾಗೇದ. ಹೋದ ವರ್ಷ ಸಾಹೇಬ್ರ ವಾಡೇದವರು ಚೆಲ್ಲಿದ್ದ ಡಬ್ಬಿ, ಆರಿಸಿಕೊಂಡು ಬಂದಿದ್ದೆ."

"ಔಷಧದ ಡಬ್ಬ್ಯಾಗ ಉಪ್ಪು ಇಡ್ತಾರೇನ, ತಂಗಿ? ಡಬ್ಬಿ ಜಜ್ಜಿ ನೆಲದಾಗ ಹುಗೀಬೇಕಂತ ಪಂಚಾಯ್ತಿ ಗ್ವಾಡಿಗೆ ಕಾಗದಾ ಹಚ್ಚ್ಯಾರ."

"ಬೂದಿ ಹಾಕಿ ತಿಕ್ಕಿ ತೊಳದೀನ್ರಿ. ಆ ಕಾಗದಾ ಹಚ್ಚಿದ್ದು ಒಳಗಿನ ಗ್ವಾಡಿಗೆ. ನಾವು ನಿಲ್ಲೂದು ಹೊರಗ, ಕಟ್ಟಿ ಕೆಳಗ. ಅಲ್ಲಿತನಾ ನನ್ನ ಕಣ್ಣು ಹೋಗೂದಿಲ್ಲ."

"ಆ ಉಪ್ಪು ಇನ್ನ ತಿನಬ್ಯಾಡ," ಎಂದ ಲಗಮಣ್ಣ.

"ಅದು ನಿಮ್ಮ ಠಾಣ್ಯಾಗ ಅದಲ್ರಿ. ನಿಮ್ಮ ಪೊಲೀಸರು ಪಲ್ಲ್ಯಾಕ ಹಾಕ್ಕೊಳ್ಳದಂಗ ನೋಡ್ಕೋರಿ."

ಅವನ ಮೀಸೆ ಒಂದಿಷ್ಟು ಅಲುಗಿತು. ಗಂಡ ಕೋಣೆಯಲ್ಲಿರುವ ಹೆಂಗಸು ಅಳುತ್ತಾಳೆ ಎಂದುಕೊಂಡು ಬಂದಿದ್ದ. ಇವಳು ಅಳುವುದನ್ನು ಯಾವುದೋ ಬಿಡುವಿನ ದಿನಕ್ಕೆ ಎತ್ತಿಟ್ಟಂತಿತ್ತು.

ಬಾವಿಗೆ ಮೆಟ್ಟಿಲಿರಲಿಲ್ಲ. ಗೋಡೆಯಿಂದ ಚಾಚಿದ ಕಲ್ಲುಗಳನ್ನು ಹಿಡಿದು ಇಳಿಯಬೇಕಿತ್ತು. ಕೆಳಗೆ ಕಪ್ಪೆಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಲಗಮಣ್ಣ ಒಂದು ಕೊಡ ನೀರು ಸೇದಿಸಿ, ತನ್ನ ಬಿಳಿ ವಸ್ತ್ರ ಹಾಸಿ ಅದರ ಮೇಲೆ ನಿಧಾನವಾಗಿ ಸುರಿಸಿದ. ಬಟ್ಟೆಯ ಮೇಲೆ ಸಗಣಿಯ ನಾರು ನಾರಾದ ಹಸಿರು ಹೊಟ್ಟು ಉಳಿಯಿತು. ಮೂಗಿಗೆ ಚಿಮಣಿ ಎಣ್ಣೆಯಂಥ, ಅಂದರೆ ಸೀಮೆಎಣ್ಣೆಯಂಥ ಎಂಡ್ರಿನ್ ವಾಸನೆ ಬಡಿಯಿತು.

ಬಾವಿಯ ನೀರೆತ್ತುವ ಇಂಜನ್ ನಡೆಸುವ ಶಿದ್ರಾಯ ಇಂಜನ್ ಗುಡಿಸಲಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಕೈಯಲ್ಲಿ ಎಣ್ಣೆಯ ಚಿಂದಿ. ಬಾಳಾಸಾಹೇಬರ ದೂರದ ಸಂಬಂಧಿ, ಅವರ ಮನೆಯಲ್ಲೇ ಊಟ.

"ಶಿದ್ರಾಯ, ಈ ಬಾವ್ಯಾಗ ದನ ಇಳಿತಾವೇನು?"

"ಮೆಟ್ಟಿಲ ಇಲ್ಲ, ಹೆಂಗ ಇಳಿತಾವ್ರಿ?"

"ಹಂಗಾದ್ರ ಇಷ್ಟು ಹೆಂಡಿ ಎಲ್ಲಿಂದ ಬಂತು?"

ಶಿದ್ರಾಯ ಚಿಂದಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದ. "ಫುಟ್‌ವಾಲ್ವಿಗೆ ಹಾಕಿದ್ದ್ರಿ."

ಓದುವವರಿಗೆ ಇಷ್ಟು ಹೇಳಬೇಕು. ಬಾವಿಯಲ್ಲಿ ಇಳಿಬಿಟ್ಟ ಪೈಪಿನ ಬುಡಕ್ಕೆ ಒಂದು ಚರ್ಮದ ಬಾಗಿಲಿರುತ್ತದೆ. ನೀರು ಮೇಲೆ ಬರಲು ಬಿಡುತ್ತದೆ, ಕೆಳಗೆ ಹೋಗಲು ಬಿಡುವುದಿಲ್ಲ. ಅದೇ ಫುಟ್‌ವಾಲ್ವ್. ಇಂಜನ್ ಹಚ್ಚುವ ಮೊದಲು ಮೇಲಿನಿಂದ ಪೈಪಿಗೆ ನೀರು ತುಂಬಬೇಕು. ಚರ್ಮ ಸವೆದಿದ್ದರೆ ತುಂಬಿದ್ದೆಲ್ಲ ಸೋರಿ ಬಾವಿಗೆ ಇಳಿದುಬಿಡುತ್ತದೆ. ಹೊಸ ಚರ್ಮಕ್ಕೆ ಮಿರಜಿಗೆ ಹೋಗಬೇಕು. ಅದಕ್ಕೇ ಸಗಣಿ ಕಲಸಿದ ರಾಡಿ ಸುರಿಯುತ್ತಾರೆ. ಸಗಣಿ ಸಂದಿಗೆ ಕೂತು ಸೋರಿಕೆ ನಿಲ್ಲುತ್ತದೆ. ಆ ಸೀಮೆಯಲ್ಲಿ ಇಂಜನ್ ಇದ್ದವರೆಲ್ಲ ಮಾಡುವ ಕೆಲಸ ಇದು.

"ಅವತ್ತ ಹಾಕಿದ್ದಿ?"

"ಹೌದ್ರಿ. ನೀರು ಹಿಡೀಲಿಲ್ಲ."

"ಒಂದಿಷ್ಟು ಸೋರಿ ಬಾವಿಗಿಳೀತು. ಉಳಿದದ್ದು ಪೈಪಿನ್ಯಾಗ ನಿಂತು, ಇಂಜನ್ ಹತ್ತಿದ ಕೂಡಲೆ ವಿಠೋಬನ ಬೊಗಸಿಗೆ ಬಂತು. ಹೆಂಡಿ ಕಲಸಿದ್ದು ಯಾವುದರಾಗ?"

"ಬಕೀಟದಾಗ."

ಗುಡಿಸಲಿನ ಮೂಲೆಯಲ್ಲಿ ಬಕೇಟು ಇತ್ತು. ಹೊಚ್ಚ ಹೊಸದು, ತಗಡು ಫಳಫಳ ಹೊಳೆಯುತ್ತಿತ್ತು.

"ಇದಲ್ಲ. ಅವತ್ತಿಂದು ತಾ."

"ಅದು... ಒಡೀತ್ರಿ."

"ತಗಡಿನ ಬಕೀಟ ಒಡಿಲಿಕ್ಕೆ ಅದೇನು ಕುಂಬಾರ ಗಡಿಗೇನು?"

"ತಳಾ ಹೋತು ಅಂದ್ನಿರಿ."

"ತಳಾ ಹೋದ ಬಕೀಟದಾಗ ರಾಡಿ ಹೆಂಗ ನಿಂತಿತು?"

ಶಿದ್ರಾಯ ಇಂಜನ್ನಿನ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದ.

ಅಷ್ಟರಲ್ಲಿ ಬದುವಿನ ಮೇಲೆ ಕೊಡೆ ಕಾಣಿಸಿತು. ಬಾಳಾಸಾಹೇಬರು. ಪಂಚಾಯತ ಸಮಿತಿಯ ಸದಸ್ಯರು. ಆ ಭಾಗಕ್ಕೆ ಹೈಬ್ರೀಡ್ ಜೋಳ ತಂದವರು. ಅದಕ್ಕೆ ಹೊಡೆಯುವ ಎಂಡ್ರಿನ್ ಸರಕಾರದ ಸವಲತ್ತಿನಲ್ಲಿ ಬಂದದ್ದು ಅವರ ವಾಡೆಯ ಕೋಣೆಯಲ್ಲೇ ಇಳಿಯುತ್ತಿತ್ತು, ಅಲ್ಲಿಂದಲೇ ಹೈಬ್ರೀಡ್ ಬಿತ್ತಿದವರಿಗೆ ಹಂಚಿಕೆಯಾಗುತ್ತಿತ್ತು.

"ನಮಸ್ಕಾರ, ಜಮಾದಾರ. ಇನ್ನೂ ಕಟ್ಟಿ ಕಾಯಾಕತ್ತೀರೇನು? ಏಳ್ರಿ. ಬಾವಿ ಉಪಸಬೇಕು. ನಾಳಿಗೆ ಸ್ವಾಮಿಗೋಳು ಬಂದು ಶುದ್ಧ ಮಾಡ್ತಾರ. ಲೇ ಶಿದ್ರಾಯ, ಇಂಜನ್ ಹಚ್ಚು. ನೀರು ಹಳ್ಳಕ್ಕ ಬಿಡು."

"ಧಣ್ಯಾರ, ಉಪಸೂದು ಯಾಕ್ರಿ?" ಎಂದ ಶಿದ್ರಾಯ ಲಗುಬಗೆಯಿಂದ. "ಒಂದು ಮಳಿ ಬಂ‌ದ್ರ ತಾನ ತಿಳಿ ಆಗ್ತದ. ಇಂಜನ್ನೂ ಸರಿ ಇಲ್ಲ."

ಲಗಮಣ್ಣ ಕಿವಿ ನಿಮಿರಿಸಿದ. ಬಾವಿ ಬರಿದಾಗಲಿ ಎಂದು ಒಡೆಯ ಹೇಳುತ್ತಾನೆ, ಬೇಡವೆನ್ನುವವನು ಆಳು. ಒಡೆದುಹೋದ ಬಕೇಟು ಎಲ್ಲಿ ಕೂತಿದೆ ಎಂಬುದು ಅವನಿಗೆ ಆಗಲೇ ಅರ್ಧ ಕಂಡಿತು.

"ಉಪಸೋಣ್ರಿ, ಬಾಳಾಸಾಹೇಬ್ರ. ಆದ್ರ ಹಳ್ಳಕ್ಕ ಬ್ಯಾಡ."

"ಯಾಕ? ಒಣಾ ಹಳ್ಳ."

"ಒಣಾ ಹಳ್ಳದಾಗನ ವರ್ತಿ ತೋಡ್ತಾರ. ಕೇರಿಯವರು ಕುಡಿಯೂದು ಅದನ್ನ. ಈ ನೀರು ಉಸುಕಿನ್ಯಾಗ ಇಳೀತಂದ್ರ ನಾಳಿಗೆ ಮತ್ತ ಹೆಣಾ ಎಣಿಸಬೇಕಾಗ್ತದ."

ಬಾಳಾಸಾಹೇಬರು ಕೊಡೆ ಮಡಚಿದರು. ಸಿಟ್ಟು ಮಾಡಲಿಲ್ಲ. ಅವರು ಸಭೆಗಳಲ್ಲಿ ಮಾತಾಡಿ ರೂಢಿಯಾದವರು.

"ನೀವು ಎಲ್ಲಿಗೆ ಹೊಂಟೀರಿ ನನಗ ತಿಳೀತದ, ಜಮಾದಾರ. ಹೊಲದ ಔಷಧ ಬಾವಿಗೆ ಬಿತ್ತು ಅಂತ ಬರೀತೀರಿ. ಬರೀರಿ. ಮುಂದೇನಾಗ್ತದ ಕೇಳ್ರಿ. ನಾಳಿಗೆ ಒಬ್ಬನೂ ಔಷಧ ಹೊಡಿಯೂದಿಲ್ಲ. ಹುಳಾ ಸುಳಿ ತಿಂತದ. ಹೈಬ್ರೀಡ್ ಹೋಗ್ತದ. ಅಮೇರಿಕಾದ ಕೆಂಪ ಜ್ವಾಳದ ಸಲುವಾಗಿ ರೇಶನ್ ಅಂಗಡಿ ಮುಂದ ನಿಂತಿದ್ದು ಮರತೀರೇನು? ಆ ಪಾಳೇದಾಗ ನಿಮ್ಮ ಮನಿಯವರೂ ಇದ್ರು."

"ಇದ್ರು," ಎಂದ ಲಗಮಣ್ಣ. "ಆ ರೊಟ್ಟಿ ನಾನೂ ತಿಂದೀನಿ. ಔಷಧ ಹೊಡೀಬ್ಯಾಡ್ರಿ ಅಂತ ನಾ ಅನ್ನೂದಿಲ್ಲ. ಬಾವಿ ದಂಡಿಗೆ ಕಲಸಬ್ಯಾಡ್ರಿ, ಅದರ ಭಾಂಡಿ ಬ್ಯಾರೆ ಇಡ್ರಿ, ಡಬ್ಬಿ ಹುಗೀರಿ ಅಂತ ನಿಮ್ಮ ಸಮಿತಿನ ಹೇಳೇದಲ್ರಿ. ಹೇಳಿದವರು ಒಮ್ಮೆರ ಬಂದು ನೋಡ್ಯಾರೇನು?"

"ಅದು ಸೂಚನಾ. ಕಾಯ್ದೆ ಅಲ್ಲ."

"ನೀರು ಹೊಲಸು ಮಾಡಬಾರದಂತ ಮುಂಬೈದಾಗ ಹೊಸಾ ಕಾಯ್ದೆ ಆಗೇದಂತಲ್ರಿ."

ಬಾಳಾಸಾಹೇಬರು ನಕ್ಕರು. "ಅದು ಕಾರಖಾನೆದವರನ್ನ ಹಿಡಿಲಿಕ್ಕೆ ಮಾಡಿದ್ದು. ನನ್ನ ಹೊಲದಾಗ ಯಾವ ಚಿಮಣಿ ಅದ, ತೋರಿಸ್ರಿ. ಮತ್ತ ಬಾವಿ ನಂದು. ಸ್ವಂತದ್ದು."

"ಬಾವಿ ನಿಮ್ಮದು, ಖರೆ. ಹಳ್ಳ ಸರಕಾರದ್ದು," ಎಂದ ಲಗಮಣ್ಣ. ಧ್ವನಿ ಏರಿಸಲಿಲ್ಲ. "ಮೊನ್ನೆ ಆದದ್ದು ಗೊತ್ತಿಲ್ದ ಆಗಿರಬಹುದು. ಇವತ್ತ ಬಿಟ್ರ ಗೊತ್ತಿದ್ದು ಬಿಟ್ಟಂಗ, ಸಾಕ್ಷಿಗೆ ನಾನ ಇಲ್ಲಿ ನಿಂತೀನಿ. ಹೊಸಾ ಕಾಯ್ದೆ ನನಗ ಗೊತ್ತಿಲ್ರಿ. ನನ್ನದು ಬ್ರಿಟಿಶರ ಕಾಲದ್ದು, ಹಳೇದು. ಜನಾ ಕುಡಿಯೂ ನೀರು ಕೆಡಿಸಿದಾಂವಗ ಅದರಾಗ ಜಾಗಾ ಅದ. ಸಣ್ಣ ಜಾಗಾನ, ಆದ್ರ ಅದ."

ಬಾವಿಯ ಸುತ್ತ ವಸ್ತಿಯ ಜನ ಕೂಡಿದ್ದರು. ಬಾಳಾಸಾಹೇಬರು ಅವರ ಮುಖಗಳನ್ನೊಮ್ಮೆ ನೋಡಿ, ಕೊನೆಗೆ ಕೇಳಿದರು:

"ಹಂಗಾದ್ರ ಇಷ್ಟು ನೀರು ಎಲ್ಲಿ ಒಯ್ದು ಚೆಲ್ಲಲಿ? ಅದನ್ನೂ ನಿಮ್ಮ ಕಾಯ್ದೆ ಹೇಳ್ತದೇನು?"

ಹೇಳುತ್ತಿರಲಿಲ್ಲ. ಹಳೆಯದೂ ಹೇಳುತ್ತಿರಲಿಲ್ಲ, ಹೊಸದೂ ಹೇಳುತ್ತಿರಲಿಲ್ಲ. ಲಗಮಣ್ಣನಿಗೆ ಅದು ಗೊತ್ತಿತ್ತು.

"ಗುಡ್ಡದ ಬುಡಕ ಮುರುಮಿನ ಖಣಿ ಅದಲ್ರಿ," ಎಂದಳು ಬೇವಿನ ಗಿಡದ ಆಚೆಯಿಂದ ಅಕ್ಕಾತಾಯಿ. "ಅದರ ಕೆಳಗ ಬಾವಿ ಇಲ್ಲ, ವರ್ತಿ ಇಲ್ಲ. ದನಾ ಇಳೀದಂಗ ಮುಳ್ಳು ಬಡೀಬಹುದು. ಕಾಲಿವಿ ನಾವು ತೋಡ್ತೀವಿ."

"ಯಾರು ತೋಡವರು? ನೀ ಒಬ್ಬಾಕೀನ?"

"ಕೇರ್ಯಾಗ ಕೈ ಇದ್ದವರೆಲ್ಲಾ. ವರ್ತಿ ನಮ್ಮದಲ್ರಿ."

ಸಲಿಕೆ, ಬುಟ್ಟಿ, ಮುರಿದ ಗುದ್ದಲಿ, ಏನು ಸಿಕ್ಕಿತೋ ಅದನ್ನು ಹಿಡಿದು ಕೇರಿಯ ಹೆಂಗಸರು ಬಂದರು. ಹಳ್ಳದ ಕಡೆಗಿದ್ದ ಕಾಲುವೆಗೆ ಮೊದಲು ಮಣ್ಣು ತುಳಿದು ಒಡ್ಡು ಹಾಕಿದರು. ಆಮೇಲೆ ಖಣಿಯ ಕಡೆಗೆ ಹೊಸ ಕಾಲುವೆ ಹಿಡಿದರು. ಲಗಮಣ್ಣ ಟೋಪಿ ತೆಗೆದು ಬೇವಿನ ಟೊಂಗೆಗೆ ಸಿಕ್ಕಿಸಿ ತಾನೂ ಒಂದು ಸಲಿಕೆ ತೆಗೆದುಕೊಂಡ.

"ಜಮಾದಾರ್ರ, ಸಲಿಕಿ ಲಾಠಿ ಅಲ್ರಿ, ಕೆಳಗ ಹಿಡೀರಿ," ಎಂದು ಒಬ್ಬಾಕೆ ಅಂದಳು. ಉಳಿದವರು ನಕ್ಕರು. ಕೆಲಸ ನಿಲ್ಲಲಿಲ್ಲ.

ಇಂಜನ್ ಹತ್ತಿತು. ನೀರು ಖಣಿಯ ಕಡೆ ಹರಿಯಿತು. ಅಲ್ಲಿಂದ ನೆಲದೊಳಗೆ ಇಳಿದು ಎಲ್ಲಿ ಏಳುತ್ತದೋ ಯಾರಿಗೆ ಗೊತ್ತು ಎಂಬ ಮಾತು ಲಗಮಣ್ಣನ ಮನಸ್ಸಿನಲ್ಲಿ ಬಂದು ಹೋಯಿತು. ಅದಕ್ಕಿಂತ ಒಳ್ಳೆಯ ಜಾಗ ಅವನಿಗೆ ಹೊಳೆಯಲಿಲ್ಲ. ಹೊತ್ತು ಇಳಿಯುವ ಹೊತ್ತಿಗೆ ಪೈಪು ಗಾಳಿ ಹೀರಿ ಗೊರಗುಟ್ಟಿತು. ಬಾವಿಯಲ್ಲಿ ಮೊಣಕಾಲು ರಾಡಿ ಉಳಿದಿತ್ತು.

"ಈಗ ತಳಾ ನೋಡಬೇಕು," ಎಂದ ಲಗಮಣ್ಣ.

ವಸ್ತಿಯ ಗಂಡಸರು ಹಿಂದೆ ಸರಿದರು.

"ಹೂಳು ತೆಗಿಯೂದು ಕೃಷ್ಣ್ಯಾನ ಕೆಲಸ," ಎಂದರು ಬಾಳಾಸಾಹೇಬರು. "ಅಂವ ನಿಮ್ಮ ಕೋಣ್ಯಾಗ ಇದಾನ."

ಅದೂ ನಿಜ. ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಹೂಳು ಎತ್ತಲು ಕೇರಿಯವರನ್ನೇ ಇಳಿಸುತ್ತಿದ್ದರು. ಆಮೇಲೆ ಗೋಮೂತ್ರ ಸಿಂಪಡಿಸಿದರೆ ಬಾವಿ ಶುದ್ಧ. ಹೊಸ ನೀರು ಬಂದ ದಿನದಿಂದ ಇಳಿದವರು ಮತ್ತೆ ಬೇವಿನ ಗಿಡದ ಆಚೆ.

"ನಾ ಇಳಿತೀನಿ," ಎಂದಳು ಅಕ್ಕಾತಾಯಿ. "ಅವನ ಸಂಗಾಟ ಬುಟ್ಟಿ ತುಂಬಾಕ ಇಳಿದೀನಿ. ಕಲ್ಲು ಎಲ್ಲಿ ಸಡಲ ಅದಾವ ನನಗ ಗೊತ್ತದ."

ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಗೊಣಗಿದಳು: "ನೀರಿನ ಬಾವಿ, ಹೆಂಗಸು ಇಳದ್ರ ಮೈಲಿಗಿ ಆಗ್ತದ. ಅದೂ ಇವರ ಹೆಂಗಸು."

"ಯಮ್ಮಾ, ಕಪ್ಪಿ ಸತ್ತು ತೇಲ್ಯಾವ, ಮನಶಾ ಸತ್ತಾನ," ಎಂದಳು ಅಕ್ಕಾತಾಯಿ ಗೆರೆ ದಾಟಿ ಬರುತ್ತ. "ಇನ್ನ ಮೈಲಿಗಿ ಆಗಾಕ ಅದರಾಗ ಏನ ಉಳದದ?"

ಲಗಮಣ್ಣ ತನ್ನ ಬೂಟು ಕಳಚಿ ಅವಳ ಮುಂದಿಟ್ಟ. "ಹಾಕ್ಕೋ. ಆ ರಾಡಿ ಮೈಗೆ ಹತ್ತಬಾರದು. ಮೂಗಿಗೆ ಬಟ್ಟಿ ಕಟ್ಟಿಕೋ."

ಅವಳು ಬೂಟುಗಳನ್ನು ನೋಡಿದಳು. "ಪೊಲೀಸರ ಬೂಟು ಬೆನ್ನಿಗೆ ಬೀಳೂದು ನೋಡೀನ್ರಿ. ಕಾಲಿಗೆ ಬರೂದು ಇದ ಮೊದಲ."

ನಡುವಿಗೆ ಹಗ್ಗ ಕಟ್ಟಿಕೊಂಡಳು. ಹಗ್ಗದ ಇನ್ನೊಂದು ತುದಿ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಲಗಮಣ್ಣ ಕೈ ಚಾಚುವಷ್ಟರಲ್ಲಿ ಸಾವಿತ್ರವ್ವ ಅದನ್ನೆತ್ತಿ ತನ್ನ ಸೊಂಟಕ್ಕೆ ಸುತ್ತಿ, ಕಟ್ಟೆಗೆ ಕಾಲು ಕೊಟ್ಟು ನಿಂತಳು.

"ಇಳಿ," ಎಂದಳು ಅಕ್ಕಾತಾಯಿಗೆ. "ನಿನ್ನ ಮ್ಯಾಲ ನನಗ ಭರವಸಾ ಇಲ್ಲ. ಹಗ್ಗ ಮಾತ್ರ ಬಿಡೂದಿಲ್ಲ."

"ಅಷ್ಟ ಸಾಕು."

ಕಲ್ಲು ಕಲ್ಲು ಹಿಡಿದು ಅವಳು ಕೆಳಗಿಳಿದಳು. ಬೂಟಿನ ಸಪ್ಪಳ ಗೋಡೆಗೆ ಬಡಿದು ಮೇಲೆ ಬಂತು. ಆಮೇಲೆ ರಾಡಿಯ ಪಚಪಚ. ಆಮೇಲೆ ಏನೂ ಇಲ್ಲ.

"ಫುಟ್‌ವಾಲ್ವಿಗೆ ಹೆಂಡಿ ಮೆತ್ತೇದ್ರಿ," ಎಂದು ಧ್ವನಿ ಬಂತು. "ಚಿಮಣಿ ಎಣ್ಣಿ ನಾರತದ."

"ಅದನ್ನ ಮುಟ್ಟಬ್ಯಾಡ. ಬಕೀಟ ಅದೇನು ನೋಡು."

ಶಿದ್ರಾಯ ಇಂಜನ್ನಿಗೆ ಆತುಕೊಂಡು ಕಣ್ಣು ಮುಚ್ಚಿದ್ದ.

ಮತ್ತೆ ಪಚಪಚ. ತಗಡು ಕಲ್ಲಿಗೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು. ಆದರೆ ಮಾತು ಬರಲಿಲ್ಲ. ಬಹಳ ಹೊತ್ತು ಬರಲಿಲ್ಲ.

"ಅಕ್ಕಾತಾಯಿ?"

"ಇದೀನ್ರಿ." ಧ್ವನಿ ಬೇರೆಯಾಗಿತ್ತು. "ಜಮಾದಾರ್ರ, ಬಕೀಟ ಸಿಕ್ಕರ ಕೃಷ್ಣಾ ಬಿಡುಗಡಿ ಆಗ್ತಾನಂತ ತಿಳದು ನಾ ಇಳದೀನಿ. ಅದು ಯಾರದರ ಇರಲಿ, ಬಿಡ್ತಾರೇನ್ರಿ?"

ಲಗಮಣ್ಣ ಕೆಳಗೆ ಬಗ್ಗಿದ. ಕತ್ತಲಲ್ಲಿ ಅವಳ ಮುಖ ಕಾಣಲಿಲ್ಲ. ಸುಳ್ಳು ಹೇಳುವುದು ಸುಲಭವಿತ್ತು.

"ಯಾರದದ, ಅವರನ್ನ ಕೇಳಬೇಕಾಗ್ತದ, ತಂಗಿ."

ರಾಡಿಯೊಳಕ್ಕೆ ಒಂದು ಬಕೇಟನ್ನು ಬೂಟುಗಾಲಿನಿಂದ ಒತ್ತಿಬಿಡುವುದಕ್ಕೆ ಎಷ್ಟು ಹೊತ್ತು ಬೇಕು? ಮೇಲಿದ್ದವರು ಯಾರೂ ಅದನ್ನು ನೋಡುತ್ತಿರಲಿಲ್ಲ.

ಹಗ್ಗ ಜಗ್ಗಿತು. ಸಾವಿತ್ರವ್ವ ಎಳೆದಳು. ಮೊದಲು ಅಕ್ಕಾತಾಯಿಯ ತಲೆ ಕಂಡಿತು. ಒಂದು ಕೈ ಕಲ್ಲಿನ ಮೇಲೆ, ಇನ್ನೊಂದರಲ್ಲಿ ಬಕೇಟು. ಒಳಗೆ ಒಂದು ಕಲ್ಲು, ಅಂಚಿಗೆ ಒಣಗದ ಸಗಣಿ. ಮುರಿದ ಹಿಡಿಕೆಯ ಬದಲು ತಂತಿ ಕಟ್ಟಿತ್ತು. ಕೈಗೆ ಗುಳ್ಳೆ ಏಳಬಾರದೆಂದು ತಂತಿಗೆ ಹಸಿರು ಸೀರೆಯ ಅಂಚು ಸುತ್ತಿತ್ತು.

"ಗುರುತು ಹತ್ತೀತೇನು ಯಾರಿಗರ?" ಎಂದರು ಬಾಳಾಸಾಹೇಬರು, ಎಲ್ಲರನ್ನೂ ನೋಡುತ್ತ.

"ಕೇಳೂದು ಬ್ಯಾಡ್ರಿ," ಎಂದಳು ಅಕ್ಕಾತಾಯಿ. "ಇದು ನಮ್ಮ ಮನಿದು. ಆ ಅಂಚು ನಾನ ಸುತ್ತಿದ್ದು. ಮೊನ್ನಿಯಿಂದ ಮನ್ಯಾಗ ಕಾಣದ ಹುಡಕಾಕತ್ತಿದ್ದೆ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಬಾಳಾಸಾಹೇಬರು ಮೆಲ್ಲಗೆ, "ಬರಕೋರಿ, ಜಮಾದಾರ," ಎಂದರು.

"ಬರಕೋರಿ," ಎಂದಳು ಅವಳೂ. ಮೂಗಿನ ಬಟ್ಟೆ ಬಿಚ್ಚಿದಳು. "ಇದನ್ನೂ ಬರೀರಿ. ನಮ್ಮ ಬಕೀಟ ಈ ಬಾವಿ ಕಟ್ಟಿಗೆ ತರಾಕ ನಮಗ ಹುಕುಮ ಇಲ್ಲ. ತಂದಿದ್ರ ಅವತ್ತ ನಮ್ಮ ಕಾಲು ಮುರೀತಿದ್ರು. ಹಾಡಹಗಲಿ, ಶಿದ್ರಾಯ ನಿಂತಲ್ಲೆ, ಇದನ್ನ ಇಂಜನ್ ಬಾಯಿಗೆ ಹಚ್ಚಿದ ಕೈ ನಮ್ಮದಾಗಿರಾಕ ಹೆಂಗ ಸಾಧ್ಯ?"

ಎಲ್ಲರ ತಲೆ ಒಮ್ಮೆಲೇ ಇಂಜನ್ನಿನ ಕಡೆ ತಿರುಗಿತು.

ಶಿದ್ರಾಯ ಚಿಂದಿಯನ್ನು ಇಂಜನ್ನಿನ ಮೇಲೆ ಇಟ್ಟ. "ಹೌದು, ನಾನ ಹಚ್ಚಿದೆ," ಎಂದ. "ಹಳೇ ಬಕೀಟದ ತಳಾ ಖರೇನ ಹೋಗಿತ್ರಿ. ಕೈಗೆ ಇದು ಸಿಕ್ಕಿತು. ಕೇರಿ ಬಕೀಟ ಕುಡಿಯೂ ನೀರಿಗೆ ಹಚ್ಚಿದೆ ಅಂತ ತಿಳದ್ರ ನನಗ ಮನ್ಯಾಗ ತಾಟು ಯಾರ ಹಾಕ್ತಿದ್ರು? ಅದಕ್ಕ ಕಲ್ಲು ಹಾಕಿ ಬಿಟ್ಟೆ. ನಾ ಅಂಜಿದ್ದು ಅದಕ್ಕ ಅಷ್ಟ. ಒಳಗ ಔಷಧ ಹತ್ತಿತ್ತು ಅಂತ ನನಗ ಗೊತ್ತಿರಲಿಲ್ಲ."

"ಕೈಗೆ ಹೆಂಗ ಸಿಕ್ಕಿತು? ಕೃಷ್ಣಾ ಕೊಟ್ಟನೇನು?" ಎಂದ ಲಗಮಣ್ಣ.

"ಕೃಷ್ಣಾ ಅಲ್ರಿ." ಶಿದ್ರಾಯ ನೆಲ ನೋಡಿದ. "ವಿಠೋಬ ಮುತ್ಯಾ."

ಮುಂದೆ ಹೇಳೆಂದು ಲಗಮಣ್ಣ ಅವನಿಗೆ ಕೈಸನ್ನೆ ಮಾಡಿದ.

"ಕುರಿ ಮೈಯಾಗ ಉಣ್ಣಿ ಭಾಳ ಆಗಿದ್ದವಂತ. ಕೇರ್ಯಾಗಿಂದ ಬಕೀಟ ಇಸಗೊಂಡು, ಔಷಧ ಕಲಸಿ ಹಚ್ಚಿದ್ನಂತ. ಉಸುಕು ಹಾಕಿ ತಿಕ್ಕೀನಿ, ಏನೂ ಇಲ್ಲ, ಕುರಿ ನೀರಡಿಸ್ಯಾವ, ಇದರಾಗ ಲಗೂನ ಹೆಂಡಿ ಕಲಿಸು ಅಂದ. ತಾನ ಕೈಯಾರೆ ಕೊಟ್ಟ."

"ಸತ್ತಾಂವ ಬಂದು ಅಲ್ಲ ಅನ್ನೂದಿಲ್ಲ, ಭಾಳ ಚಲೋ," ಎಂದರು ಬಾಳಾಸಾಹೇಬರು. ಮೊದಲ ಸಲ ಅವರ ಧ್ವನಿ ಒರಟಾಯಿತು. "ತಪ್ಪಿನಾಗ ಸಿಕ್ಕಾಂವ ಸತ್ತಾವನ ಮ್ಯಾಲ ಹಾಕ್ತಾನ. ಇದನ್ನ ಯಾವ ಕೋರ್ಟು ನಂಬ್ತದ?"

ಅವರ ಒರಟುತನಕ್ಕೆ ಕಾರಣ ಲಗಮಣ್ಣನಿಗೆ ತಿಳಿಯಿತು. ಸವಲತ್ತಿನ ಔಷಧ ಹೈಬ್ರೀಡ್ ಬಿತ್ತಿದವರಿಗೆ ಮಾತ್ರ. ಹೊಲವೇ ಇಲ್ಲದ ಕುರಿಗಾರನ ಕೈಗೆ ಅದು ಬಂದದ್ದು ಎಲ್ಲಿಂದ? ಹಿಂಡು ತಂಗಿದ್ದು ಯಾರ ಹೊಲದಲ್ಲಿ?

ಆದರೆ ಬಾಳಾಸಾಹೇಬರು ಹೇಳಿದ್ದೂ ಸುಳ್ಳಲ್ಲ. ಶಿದ್ರಾಯನೂ ಈಗ ಆರೋಪಿ, ಅಕ್ಕಾತಾಯಿ ಆರೋಪಿಯ ಹೆಂಡತಿ. ಇವರ ಮಾತನ್ನು ಕೋರ್ಟು ತೂಗುವುದಿಲ್ಲ. ವಿಠೋಬ ಬಕೇಟು ತಂದದ್ದನ್ನು, ಔಷಧ ಕಲಸಿದ್ದನ್ನು ನೋಡಿರಬಹುದಾದ ಜೀವ ಇನ್ನೊಂದೇ.

ಅವನು ಸಾವಿತ್ರವ್ವನ ಕಡೆ ತಿರುಗಿದ. ಹಗ್ಗ ಇನ್ನೂ ಅವಳ ಸೊಂಟದಲ್ಲೇ ಇತ್ತು. ಇನ್ನೊಂದು ತುದಿ ಅಕ್ಕಾತಾಯಿಯ ನಡುವಿಗೆ.

"ತಂಗಿ, ನಿಮ್ಮಪ್ಪ ಈ ಬಕೀಟದಾಗ ಔಷಧ ಕಲಸಿದ್ದು ನೀ ನೋಡೀಯೇನು? ಅವಗ ಆ ಔಷಧ ಯಾರ ಕೊಟ್ರು? ವಿಚಾರ ಮಾಡಿ ಹೇಳ. ಕೃಷ್ಣಾನ ಕುತ್ತಿಗಿ ನಿನ್ನ ಮಾತಿನ ಮ್ಯಾಲ ಅದ."

ಮುಂಜಾನೆಯಿಂದ ಎಲ್ಲರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ ಹೆಂಗಸು ಈಗ ಯಾರನ್ನೂ ನೋಡದೆ, ಮೊದಲೇ ಕಂಡು ಗೊತ್ತಿದ್ದವಳಂತೆ ಬಕೇಟಿನ ಹಸಿರು ಅಂಚನ್ನೇ ನೋಡಿದಳು. ಸೊಂಟದ ಹಗ್ಗ ಬಿಚ್ಚಿ ಕಟ್ಟೆಯ ಮೇಲೆ ಇಟ್ಟಳು.

"ನಮ್ಮಪ್ಪ ಕೇರಿಯವರ ಬಕೀಟ ಮುಟ್ಟಿದಾಂವ ಅಲ್ಲ," ಎಂದಳು ಸಾವಿತ್ರವ್ವ.